ಒಳಗೆ ಟ್ಯೂಬ್ ಇದೆ

ಟಯರಿನ ಪಕ್ಕೆಯಲ್ಲಿ ಉಬ್ಬಚ್ಚಿನ ಅಕ್ಷರ,
ನಾಲ್ಕು ಬೆರಳಗಲ: ಟ್ಯೂಬ್‌ಲೆಸ್.
ಸೆಲ್ಮಿರಾ ಕತ್ರಿಲೇವೊ ಅದನ್ನು ಓದುತ್ತಾಳೆ,
ಓದಿ, ಎದ್ದು ಹೋಗಿ
ಮೊಳೆಯಿಂದ ಒಂದು ಟ್ಯೂಬು ಇಳಿಸುತ್ತಾಳೆ.

ತೆಕ್ಕಾ ಊರಿನಾಚೆ, ಜಲ್ಲಿದಾರಿ ಡಾಂಬರು ಮುಟ್ಟುವಲ್ಲಿ
ಅವಳ ಪಂಕ್ಚರ್ ಅಂಗಡಿ. ತಗಡಿನ ಮಾಡಿನ ಮೇಲೆ
ಲಾರಿಯ ಸವೆದ ಟಯರು ಏಳು,
ಬೋರ್ಡಿನ ಬದಲಿಗಲ್ಲ; ತಗಡು ಹಾರದಿರಲೆಂದು.
ಇಲ್ಲಿ ಗಾಳಿಗೆ ಬರವಿಲ್ಲ.
ಹಿಡಿದು ಕೂರಿಸುವುದಕ್ಕಷ್ಟೇ ಕೂಲಿ.

ಎಲ್ವಿನ್ ಪ್ಯೂ ತಂದದ್ದು ಹಳೇ ಗಿಲೇರಾ.
ಅಜ್ಜಿಯದಂತೆ. ಹೌದು, ಅಜ್ಜನದಲ್ಲ:
ಕುರಿದೊಡ್ಡಿಯಿಂದ ಕುರಿದೊಡ್ಡಿಗೆ
ಸೂಜಿಮದ್ದಿನ ಪೆಟ್ಟಿಗೆ ಕಟ್ಟಿಕೊಂಡು ತಿರುಗಿದವಳು.
ಸೆಲ್ಮಿರಾಳ ಎಡತೋಳಿನಲ್ಲೂ
ಆಕೆಯ ಕೈಯ ಗುರುತೊಂದಿದೆ, ಕಾಸಿನಗಲ.
ಅದನ್ನವಳು ಹೇಳಲಿಲ್ಲ.

"ಎಸ್ಕೆಲ್ ಪೂರ್ತಿ ಹುಡುಕಿದೆ. ಈ ಅಳತೆಗೆ
ಇದೊಂದೇ ಸಿಕ್ಕಿದ್ದು. ಆಗುತ್ತಾ?"
ಆಗುತ್ತೆ ಅನ್ನಲಿಲ್ಲ, ಆಗಲ್ಲ ಅನ್ನಲಿಲ್ಲ.
ರಿಮ್ಮನ್ನೆತ್ತಿ ಬಾಗಿಲ ಬೆಳಕಿಗೆ ಹಿಡಿದಳು.
ಮೂವತ್ತಾರು ಕಡ್ಡಿ, ಮೂವತ್ತಾರು ತೂತು.
"ನೋಡು, ಜರಡಿ. ತನ್ನ ಉಸಿರು ತಾನೇ ಕಟ್ಟುವ ವಿದ್ಯೆ
ಈ ಟಯರಿಗೆ ಗೊತ್ತು.
ಗೊತ್ತಿದ್ದೇನು ಬಂತು,
ಬಾಳಬೇಕಾದ್ದು ಜರಡಿಯ ಜೊತೆ.
ಇನ್ನೊಂದು. ಹೊಸ ರಿಮ್ಮಿನಂಚಿಗೆ ಒಳಗೊಂದು ದಿಬ್ಬ ಇರುತ್ತೆ,
ಗಾಳಿ ಹೋದರೂ ಟಯರು ಜಾರದ ಹಾಗೆ.
ಇದಕ್ಕಿಲ್ಲ. ಆ ದಿಬ್ಬ
ಓಡಿಸುವವನ ತಲೆಯಲ್ಲಿರಬೇಕು."
ಹುಡುಗ ತಲೆ ಸವರಿಕೊಂಡ.

ತುಕ್ಕು ಕೆರೆದಳು. ಮೂತಿ ಚಾಚಿದ ಕಡ್ಡಿಗಳನ್ನು
ಒಂದೊಂದೇ ಅರದಿಂದ ಉಜ್ಜಿ,
ಹೆಬ್ಬೆರಳ ಹೊಟ್ಟೆಯಿಂದ ಸುತ್ತ ಸವರಿ ನೋಡಿ,
ಮೇಲೊಂದು ಬಟ್ಟೆಪಟ್ಟಿ ಬಿಗಿದಳು.
ಆಮೇಲೆ ಟಯರಿನ ಒಳಕ್ಕೆ ಕೈ ಹಾಕಿ
ಬಹಳ ಹೊತ್ತು ಏನನ್ನೋ ತಡಕಿದಳು,
ಕುರಿಯ ಗರ್ಭದಲ್ಲಿ ಮರಿಯ ಕಾಲು ಹುಡುಕುವವರಂತೆ.
ಸಿಕ್ಕಿತು: ಕಾರ್ಖಾನೆ ಅಂಟಿಸಿದ ಕಾಗದದ ಚೀಟಿ,
ಅಂಚೆಚೀಟಿಗಿಂತ ಕೊಂಚ ದೊಡ್ಡದು.

ಒಮ್ಮೆ ಇದನ್ನು ಕೀಳದೆ ಬಿಟ್ಟಿದ್ದಳು.
ಇನ್ನೂರು ಕಿಲೋಮೀಟರಿನಲ್ಲಿ ಆ ಚೀಟಿ
ಟ್ಯೂಬನ್ನು ತಿಕ್ಕಿ ತಿಕ್ಕಿ ತಿಂದುಹಾಕಿತ್ತು.
ಎದುರುಗಾಳಿಯಲ್ಲಿ ಹನ್ನೊಂದು ಮೈಲಿ ಬೈಕು ತಳ್ಳಿ ಬಂದ
ಶಾಲೆಯ ಮೇಷ್ಟ್ರು ಬೈಯಲಿಲ್ಲ.
ನೀರು ಕೇಳಿ ಕುಡಿದರು, ಅಷ್ಟೆ.
ಇವತ್ತಿಗೂ ಆ ಲೋಟ ಅವಳ ಕಣ್ಣಿಗೆ ಕಟ್ಟಿದಂತಿದೆ.

ಚೀಟಿ ಕಿತ್ತು, ಅಂಟು ಉಜ್ಜಿ ತೆಗೆದು
ಪೌಡರು ಸುರಿದಳು, ಕೈಬಿಟ್ಟು ಸುರಿದಳು.
ಅಂಗಡಿಯೆಲ್ಲ ಎಳೆಗೂಸಿನ ಮೈವಾಸನೆ,
ಆಯಿಲಿನ ನಡುವೆ, ನಾಯಿಗೂ ಸೀನು.

ಟ್ಯೂಬ್‌ಲೆಸ್ಸಿನ ಅಂಚು ಬಿರುಸು, ಬಗ್ಗುವ ಜಾತಿಯಲ್ಲ.
ಮಂಡಿಯೂರಿ ಒಂದು ಬದಿ ತುಳಿದಳು,
ಇನ್ನೊಂದು ಬದಿಗೆ ಲಿವರು. ಕೊನೆಯ ಗೇಣು.
ಕಟಕ್.
ಗಾಳಿ ಹೊಡೆದರೆ ಸಣ್ಣಗೆ, ಹಲ್ಲಿನ ಸಂದಿಯಿಂದೆಂಬಂತೆ, ಸ್ಸ್ಸ್.
ಮೂವತ್ತು ವರ್ಷದ ಕೈ
ಟ್ಯೂಬನ್ನು ತಾನೇ ಚಿವುಟಿತ್ತು.

ಹುಡುಗ ಬಾಗಿಲಾಚೆ ಬೆಟ್ಟ ನೋಡಿದ, ಒಳ್ಳೆಯವನು.
ಅವಳು ಮತ್ತೆಲ್ಲ ಬಿಚ್ಚಿದಳು.
ಚಿವುಟಿದ ಟ್ಯೂಬನ್ನು ಮೂಲೆಗೆಸೆದು
ಇನ್ನೊಂದು ಇಳಿಸಿದಳು, ಲೆಕ್ಕಕ್ಕೆ ಬರೆಯದ್ದು.
ಈ ಸಲ ಸೋಪಿನ ನೀರು ಜಾಸ್ತಿ, ಮಾತು ಕಡಿಮೆ,
ಟ್ಯೂಬಿಗೆ ಗುಟುಕಿನಷ್ಟೇ ಗಾಳಿ, ಮೈ ದುಂಡಗಾಗಲು.
ಟಯರು ಅದನ್ನು ಹೊಟ್ಟೆಗೆ ಹಾಕಿಕೊಂಡಿತು.
ಪಂಪು ಏರಿದಂತೆ ಎರಡು ಬಾರಿ
ಢಂ, ಢಂ ಎಂದು ಅಂಚು ಕೂತಿತು;
ಕಡ್ಡಿಯ ಬುಡಗಳಿಂದ ಸಿಕ್ಕಿಬಿದ್ದ ಗಾಳಿ
ಬುರಬುರನೆ ನೊರೆಯಾಗಿ ಹೊರಬಂತು.

ವಾಲ್ವಿನ ನಟ್ಟನ್ನು ಬಿಗಿಯಲು ಹೊರಟವನ ಕೈ ತಡೆದು,
"ಸಡಿಲ ಬಿಡು. ಒಳಗೆ ಟ್ಯೂಬು ಸರಿದರೆ
ವಾಲ್ವು ವಾಲಲಿ. ವಾಲಿದ್ದು ಕಣ್ಣಿಗೆ ಬೀಳುತ್ತೆ,
ಕಿತ್ತದ್ದು ರಸ್ತೆಯಲ್ಲೇ ಗೊತ್ತಾಗೋದು.
ಎಂಬತ್ತು ದಾಟಬೇಡ. ಬಿಸಿ ತಡೆಯಲ್ಲ."

ಕಡೆಗೆ ಹಳದಿ ಮೇಣದ ಕಡ್ಡಿ ತೆಗೆದು
ಕಾರ್ಖಾನೆಯ ದಪ್ಪಕ್ಷರದ ಕೆಳಗೆ
ತನ್ನ ಸೊಟ್ಟ ಅಕ್ಷರದಲ್ಲಿ ಬರೆದಳು:
ಒಳಗೆ ಟ್ಯೂಬ್ ಇದೆ.

"ಯಾರಿಗೆ?" ಅಂದ ಎಲ್ವಿನ್.
"ನಿನಗಲ್ಲ. ಮುಂದೆಲ್ಲೋ
ಇದನ್ನು ಬಿಚ್ಚುವ ಕೈಗೆ."
ದುಡ್ಡು ಎಣಿಸಿಕೊಂಡು, ಚಿಲ್ಲರೆ ಕೊಟ್ಟು,
ಗಾಳಿಗೆ ಬಡಿದುಕೊಳ್ಳುವ ಬಾಗಿಲಿಗೆ
ಮತ್ತೆ ಕಲ್ಲು ಒತ್ತಿಟ್ಟಳು.